ಶ್ರೀಲಂಕಾದ ಹಳ್ಳಿಗಳಲ್ಲಿ ಹತ್ತು ದಿನ: ಆರೋಗ್ಯ ಅಧ್ಯಯನ ಪ್ರವಾಸದ ಕೆಲವು ವಿಚಾರಗಳು



ಆರೋಗ್ಯ ವ್ಯವಸ್ಥೆಯನ್ನು ನೋಡಿ ಕಲಿಯಲು ಪರದೇಶಕ್ಕೆ ಹೋಗುವುದೆಂದರೆ ಇಂಗ್ಲೆಂಡಿಗೋ ಜರ್ಮನಿಗೋ ಹೋಗಬೇಕೆಂದು ನಮ್ಮಲ್ಲಿ ಹಲವರ ಎಣಿಕೆ. ನಾವು ಎಂಟು ಮಂದಿ ಹೋದದ್ದು ಶ್ರೀಲಂಕಾಕ್ಕೆ. ನಮ್ಮ ತಂಡದಲ್ಲಿ ನರ್ಸಿಂಗ್ ಕಲಿತ ಇಬ್ಬರು ಧರ್ಮಭಗಿನಿಯರು, ಒಬ್ಬರು ಆಶಾ ಕಾರ್ಯಕರ್ತೆ, ಉಳಿದ ಐವರು ಅಡಿಕೆ, ತೆಂಗು, ಕರಿಮೆಣಸು ಬೆಳೆಯುವ ಕೃಷಿಕರು. ದೊಡ್ಡ ಆಸ್ಪತ್ರೆಗಳ ಯಂತ್ರೋಪಕರಣಗಳನ್ನು ನೋಡುವ ಆಸೆ ನಮಗಿರಲಿಲ್ಲ. ನಮ್ಮಂತೆಯೇ ಮಳೆ, ನಮ್ಮಂತೆಯೇ ಗದ್ದೆ ತೋಟ, ನಮ್ಮಂತೆಯೇ ಕೈಬಿಗಿ ಇರುವ ಒಂದು ದೇಶದಲ್ಲಿ ಹಳ್ಳಿಯ ಜನರ ಜೀವವನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ತಿಳಿಯಬೇಕಿತ್ತು. ಕೊಲಂಬೋ, ಕಳುತರ, ಅನುರಾಧಪುರ, ಕ್ಯಾಂಡಿ, ಹೀಗೆ ಹತ್ತು ದಿನ ತಿರುಗಿ ಬಂದೆವು. ಅಲ್ಲಿ ಕಂಡದ್ದರಲ್ಲಿ ನಮ್ಮ ಮನೆಗಳಿಗೆ ಉಪಯೋಗವಾಗುವಂಥದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ.

ಮನೆಮನೆಯ ಪುಸ್ತಕ

ಕೊಲಂಬೋದ ದಕ್ಷಿಣಕ್ಕೆ ಕರಾವಳಿಯಲ್ಲಿರುವ ಕಳುತರದಲ್ಲಿ 1926ರಲ್ಲಿ ಆ ದೇಶದ ಮೊದಲ ಆರೋಗ್ಯ ಘಟಕ ತೆರೆಯಿತು. ಕಾಯಿಲೆ ಬಂದ ಮೇಲೆ ಮದ್ದು ಕೊಡುವುದು ಆಸ್ಪತ್ರೆಯ ಕೆಲಸ, ಕಾಯಿಲೆ ಬಾರದಂತೆ ನೋಡುವುದು ಈ ಘಟಕದ ಕೆಲಸ. ಈಗ ದೇಶವಿಡೀ ಇಂಥ ಘಟಕಗಳಿವೆ. ಪ್ರತಿಯೊಂದಕ್ಕೂ ಒಬ್ಬ ವೈದ್ಯಾಧಿಕಾರಿ. ಅವರ ಕೈಕೆಳಗೆ ನೀರು, ಚರಂಡಿ, ಸೊಳ್ಳೆ, ಅಂಗಡಿಯ ಆಹಾರ ಮುಂತಾದುವನ್ನು ನೋಡುವ ಆರೋಗ್ಯ ಇನ್ಸ್‌ಪೆಕ್ಟರುಗಳು ಮತ್ತು ತಾಯಿ ಮಕ್ಕಳನ್ನು ನೋಡುವ ಮಿಡ್‌ವೈಫ್‌ಗಳು ಇರುತ್ತಾರೆ.

ಈ ಮಿಡ್‌ವೈಫೇ ಅಲ್ಲಿನ ವ್ಯವಸ್ಥೆಯ ಬೆನ್ನೆಲುಬು. ಒಂದೂವರೆ ವರ್ಷದ ತರಬೇತಿ ಪಡೆದು, ಸರಕಾರಿ ಸಂಬಳದಲ್ಲಿ, ಸುಮಾರು ಮೂರು ಸಾವಿರ ಜನರಿರುವ ಕೆಲವು ಹಳ್ಳಿಗಳನ್ನು ಆಕೆ ವಹಿಸಿಕೊಂಡಿರುತ್ತಾಳೆ. ಆಕೆಯ ಬಳಿ ಒಂದು ದಪ್ಪ ದಾಖಲೆ ಪುಸ್ತಕವಿರುತ್ತದೆ. ಯಾವ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಯಾರಿಗೆ ಎಷ್ಟು ತಿಂಗಳು, ಯಾರ ರಕ್ತ ಕಡಿಮೆ, ಯಾವ ಮಗುವಿನ ತೂಕ ಏರುತ್ತಿಲ್ಲ ಎಂಬುದೆಲ್ಲ ಅದರಲ್ಲಿ ಇದೆ. ಹೆರಿಗೆಯಾಗಿ ತಾಯಿ ಮನೆಗೆ ಬಂದ ಮೊದಲ ಹತ್ತು ದಿನಗಳಲ್ಲಿ ಎರಡು ಸಲವಾದರೂ ಆಕೆ ಮನೆಗೆ ಹೋಗಬೇಕೆಂಬ ನಿಯಮವಿದೆ. ನಾವು ಆಕೆಯ ಹಿಂದೆ ಒಂದು ಬೆಳಗ್ಗೆ ನಡೆದೆವು. ಯಾವ ಮನೆಯ ಅಂಗಳದಲ್ಲೂ ಆಕೆ ಹೆಸರು ಕೇಳಲಿಲ್ಲ, ದಾರಿ ಕೇಳಲಿಲ್ಲ. ನಾಯಿಗಳು ಬೊಗಳಿದ್ದು ನಮ್ಮನ್ನು ನೋಡಿ ಮಾತ್ರ.

1930ರ ದಶಕದಲ್ಲಿ ಆ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಈ ಸಂಖ್ಯೆ 30ರ ಆಸುಪಾಸಿನಲ್ಲಿದೆ. ಹೆರಿಗೆಗಳೆಲ್ಲ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತವೆ. 1950ರ ದಶಕದ ಆರಂಭದಿಂದಲೇ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಒಬ್ಬ ತಾಯಿ ತೀರಿಕೊಂಡರೂ ಅದು ಏಕಾಯಿತು, ಎಲ್ಲಿ ತಡವಾಯಿತು ಎಂದು ಅಧಿಕಾರಿಗಳು ಕೂತು ವಿಚಾರಣೆ ಮಾಡುತ್ತಾರೆ. ಮಲೇರಿಯಾದ ಕಥೆಯೂ ಹೀಗೆಯೇ. 1934-35ರ ಮಲೇರಿಯಾ ಪಿಡುಗಿನಲ್ಲಿ ಸುಮಾರು 80 ಸಾವಿರ ಜನ ಸತ್ತ ನಾಡು ಅದು. 2016ರ ಸೆಪ್ಟೆಂಬರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಲೇರಿಯಾಮುಕ್ತ ದೇಶವೆಂದು ಸಾರಿತು.

ಕೇರಳದಲ್ಲಿರುವ ನಮಗೆ ಇದು ತೀರಾ ಹೊಸತಲ್ಲ. ನಮ್ಮಲ್ಲಿಯೂ ಪಂಚಾಯತಿಗೊಂದು ಆರೋಗ್ಯ ಕೇಂದ್ರ, ವಾರ್ಡಿಗೊಬ್ಬರು ಆಶಾ ಕಾರ್ಯಕರ್ತೆ ಇದ್ದಾರೆ. ವ್ಯತ್ಯಾಸ ಎಲ್ಲಿ ಎಂದು ನಮ್ಮ ತಂಡದ ಆಶಾ ಅಕ್ಕ ಹೇಳಿದ್ದು ಸರಿಯೆನಿಸಿತು. ನಮ್ಮಲ್ಲಿ ಆಶಾ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳುಹಿಸುತ್ತೇವೆ. ಅಲ್ಲಿ ಒಳಗೆ ಕರೆದು ಕುರ್ಚಿ ಹಾಕುತ್ತಾರೆ. ಮನೆಯ ಸಂಕಟ ಹೊರಬರುವುದು ಕೂತ ಮೇಲೆಯೇ.

ಮದ್ದು ಎಂಬ ಮಾತು

ಅನುರಾಧಪುರ ಜಿಲ್ಲೆ ಕೆರೆಗಳ ನಾಡು. ಸಾವಿರಾರು ವರ್ಷ ಹಳೆಯ ಕೆರೆಗಳ ನೀರಿನಲ್ಲಿ ಇಂದಿಗೂ ಭತ್ತ ಬೆಳೆಯುತ್ತಾರೆ. ಮಳೆಗಾಲದ ಬೆಳೆಗೆ 'ಮಹಾ' ಎಂದೂ ಅನಂತರದ ಬೆಳೆಗೆ 'ಯಾಲ' ಎಂದೂ ಹೆಸರು. ನಾವು ಹೋದಾಗ ಯಾಲ ಬೆಳೆಯ ಕೊಯ್ಲು ನಡೆದಿತ್ತು.

ನಮ್ಮಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವುದಕ್ಕೂ 'ಮದ್ದು ಬಿಡುವುದು' ಎನ್ನುತ್ತೇವೆ, ಜ್ವರಕ್ಕೆ ಕುಡಿಯುವುದಕ್ಕೂ 'ಮದ್ದು' ಎನ್ನುತ್ತೇವೆ. ಸಿಂಹಳದಲ್ಲಿಯೂ ಹಾಗೆಯೇ. 'ಬೆಹೆತ್' ಎಂದರೆ ಔಷಧಿ. ಗದ್ದೆಗೆ ಹೊಡೆಯುವ ಕೀಟನಾಶಕಕ್ಕೂ ರೈತರು ಬೆಹೆತ್ ಎಂದೇ ಹೇಳುತ್ತಾರೆ. ವಿಷಕ್ಕೆ ಮದ್ದೆಂದು ಹೆಸರಿಟ್ಟು ಅಡುಗೆಮನೆಯ ಅಟ್ಟದಲ್ಲಿ ಇಟ್ಟುಕೊಳ್ಳುವುದು ಎರಡೂ ದೇಶಗಳ ರೈತರ ಅಭ್ಯಾಸ.

ಈ ಅಭ್ಯಾಸದ ಬೆಲೆಯನ್ನು ಶ್ರೀಲಂಕಾ ತೆತ್ತದ್ದು ಭಯಂಕರವಾಗಿ. 1995ರ ಸುಮಾರಿಗೆ ಅಲ್ಲಿ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೊಂದು. ಸತ್ತವರಲ್ಲಿ ಬಹಳ ಮಂದಿ ಹಳ್ಳಿಯ ಎಳೆಯರು, ಸತ್ತದ್ದು ಮನೆಯಲ್ಲೇ ಇದ್ದ ಕೃಷಿ ವಿಷದಿಂದ. ಕಾರಣಗಳನ್ನು ಕೇಳಿದರೆ ನಮ್ಮ ಊರಿನದೇ ಎನಿಸುತ್ತದೆ: ಗಂಡ ಹೆಂಡಿರ ಜಗಳ, ಕುಡಿತ, ಸಾಲ, ಪರೀಕ್ಷೆಯಲ್ಲಿ ಅಂಕ ಕಡಿಮೆ, ಅಪ್ಪ ಬೈದದ್ದು. ಬಹಳ ದಿನ ಯೋಚಿಸಿ ಮಾಡಿದ್ದಲ್ಲ, ಸಿಟ್ಟಿನ ಅರ್ಧ ಗಂಟೆಯಲ್ಲಿ ಆದದ್ದು.

ಅಲ್ಲಿನ ಸರಕಾರ ಮಾಡಿದ್ದು ಒಂದು ಸರಳ ಕೆಲಸ. ಆಸ್ಪತ್ರೆಗಳಲ್ಲಿ ಯಾವ ಯಾವ ವಿಷ ಕುಡಿದವರು ಬಂದರು, ಅವರಲ್ಲಿ ಎಷ್ಟು ಮಂದಿ ಸತ್ತರು ಎಂದು ವೈದ್ಯರು ಲೆಕ್ಕ ಇಟ್ಟರು. ಆ ಲೆಕ್ಕ ಕೀಟನಾಶಕ ನೋಂದಣಿ ಅಧಿಕಾರಿಯ ಮೇಜಿಗೆ ಹೋಯಿತು. 1980ರ ಕೀಟನಾಶಕ ನಿಯಂತ್ರಣ ಕಾಯಿದೆ ಅವರಿಗೆ ಅಧಿಕಾರ ಕೊಟ್ಟಿತ್ತು. ಹೆಚ್ಚು ಜೀವ ತೆಗೆಯುವ ವಿಷಗಳನ್ನು ಒಂದೊಂದಾಗಿ ತೆಗೆದುಹಾಕಿದರು. 1984ರಲ್ಲಿ ಪ್ಯಾರಾಥಿಯಾನ್ ಮತ್ತು ಮಿಥೈಲ್ ಪ್ಯಾರಾಥಿಯಾನ್ ನಿಂತವು. 1995ರಲ್ಲಿ ಮಾನೋಕ್ರೋಟೋಫಾಸ್ ಮತ್ತು ಮೆಥಮಿಡೋಫಾಸ್ ನಿಂತವು. ಅವು ಹೋದ ಮೇಲೆ ರೈತರು ಎಂಡೋಸಲ್ಫಾನ್ ಹಿಡಿದರು, ಅದರಿಂದ ಸಾಯುವವರು ಹೆಚ್ಚಾದರು. ಲೆಕ್ಕ ಇಡುತ್ತಿದ್ದ ಕಾರಣ ಅದು ಕೂಡಲೇ ಕಣ್ಣಿಗೆ ಬಿತ್ತು, 1998ರಲ್ಲಿ ಅದನ್ನೂ ನಿಲ್ಲಿಸಿದರು. 2008ರಿಂದ 2011ರ ಒಳಗೆ ಡೈಮಿಥೋಯೇಟ್, ಫೆಂಥಿಯಾನ್ ಮತ್ತು ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹಂತಹಂತವಾಗಿ ಹೋದವು.

2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಇಳಿದಿತ್ತು. ಇಪ್ಪತ್ತು ವರ್ಷಗಳಲ್ಲಿ ಸುಮಾರು 93 ಸಾವಿರ ಜೀವಗಳು ಉಳಿದವೆಂದು ಸಂಶೋಧಕರ ಅಂದಾಜು. ಗಮನಿಸಬೇಕಾದ ಮಾತೊಂದಿದೆ. ಜಗಳ ನಿಲ್ಲಲಿಲ್ಲ, ಸಾಲ ತೀರಲಿಲ್ಲ, ಸಿಟ್ಟಿನಲ್ಲಿ ಬಾಟ್ಲಿಗೆ ಕೈ ಹಾಕುವವರೂ ಇದ್ದರು. ಆದರೆ ಕೈಗೆ ಸಿಕ್ಕಿದ್ದು ಅಷ್ಟು ಘೋರ ವಿಷವಾಗಿರಲಿಲ್ಲ. ಆಸ್ಪತ್ರೆಗೆ ಹೋದವರು ಬದುಕಿ ಮನೆಗೆ ಬಂದರು. ಬದುಕಿ ಬಂದವರಲ್ಲಿ ಹೆಚ್ಚಿನವರು ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲ ಎಂಬುದು ವೈದ್ಯರ ಅನುಭವ. ಈ ವಿಷಗಳು ಹೋದದ್ದರಿಂದ ಭತ್ತದ ಇಳುವರಿ ಇಳಿಯಲಿಲ್ಲ ಎಂಬುದನ್ನೂ ಅಲ್ಲಿ ಪರಿಶೀಲಿಸಿದ್ದಾರೆ.

ಇದನ್ನು ಕೇಳುತ್ತಿದ್ದಾಗ ಕಾಸರಗೋಡಿನವರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಂಡೋಸಲ್ಫಾನ್ ಎಂಬ ಹೆಸರನ್ನು ನಮಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು ಅದನ್ನೇ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳ ಸ್ಥಿತಿಯನ್ನು ನೋಡಿ ಮೊದಲು ಬರೆದವರು, ಕೂಗಿದವರು ಅಲ್ಲಿಯ ವೈದ್ಯರಾದ ಡಾ. ಮೋಹನ್ ಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಶ್ರೀಲಂಕಾ ಆಸ್ಪತ್ರೆಯ ಲೆಕ್ಕ ನೋಡಿ 1998ರಲ್ಲೇ ನಿಲ್ಲಿಸಿದ ವಿಷ, ಇನ್ನೂ ಎರಡು ವರ್ಷ ನಮ್ಮ ಮನೆಯ ಮಾಡಿನ ಮೇಲೆ ಹಾರುತ್ತಲೇ ಇತ್ತು. ಎರಡು ಊರಿನವರ ತೊಂದರೆ ಒಂದೇ ಬಗೆಯದಲ್ಲ, ನಿಜ. ಅಲ್ಲಿ ಕುಡಿದು ಸತ್ತರು, ಇಲ್ಲಿ ಗಾಳಿ ನೀರಿನಲ್ಲಿ ಬಂದದ್ದನ್ನು ಉಂಡರು. ಆದರೆ ಕಾಯಿಲೆಯನ್ನು ಎಣಿಸುವವರು ಇದ್ದರೆ ಮಾತ್ರ ಅದಕ್ಕೆ ಕಾರಣವಾದದ್ದನ್ನು ನಿಲ್ಲಿಸಬಹುದು ಎಂಬ ಪಾಠ ಎರಡಕ್ಕೂ ಒಂದೇ.

ಬೀಗದ ಪೆಟ್ಟಿಗೆ

ವಿಷವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಲದೇ ಎಂದು ನಮ್ಮಲ್ಲೊಬ್ಬರು ಕೇಳಿದರು. ನಾವೆಲ್ಲ ಅದೇ ಉಪಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಿದ್ದೆವು. ಇದನ್ನೂ ಅವರು ಪರೀಕ್ಷಿಸಿ ನೋಡಿದ್ದಾರೆ. ಅನುರಾಧಪುರದ ಕಡೆಯ 180 ಹಳ್ಳಿಗಳ 53 ಸಾವಿರಕ್ಕೂ ಹೆಚ್ಚು ಮನೆಗಳನ್ನು ತೆಗೆದುಕೊಂಡು, ಅರ್ಧದಷ್ಟು ಹಳ್ಳಿಗಳ ರೈತರಿಗೆ ಬೀಗವಿರುವ ಪೆಟ್ಟಿಗೆ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ವರ್ಷಗಟ್ಟಲೆ ನೋಡಿದ ಮೇಲೆ 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೆಟ್ಟಿಗೆ ಇದ್ದ ಹಳ್ಳಿಗಳಲ್ಲಿ ವಿಷ ಕುಡಿಯುವುದು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ.

ಬೀಗದ ಕೈ ಎಲ್ಲಿದೆಯೆಂದು ಮನೆಯವರಿಗೆ ಗೊತ್ತೇ ಇರುತ್ತದಲ್ಲ. ಸಣ್ಣ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡವರ ಸಿಟ್ಟಿಗೆ ಬೀಗ ತಡೆಯಲ್ಲ. ಘೋರ ವಿಷ ಮನೆಯೊಳಗೆ ಬಾರದಿರುವುದೇ ತಡೆ.

ಒಂದೇ ಸಲಕ್ಕೆ ಎಲ್ಲವನ್ನೂ ನಿಲ್ಲಿಸಿದಾಗ

ಹಾಗಾದರೆ ಎಲ್ಲ ರಾಸಾಯನಿಕಗಳನ್ನೂ ನಿಲ್ಲಿಸಿಬಿಡುವುದೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೂ ಶ್ರೀಲಂಕಾದಲ್ಲೇ ಉತ್ತರವಿದೆ. 2021ರಲ್ಲಿ ಅಲ್ಲಿಯ ಸರಕಾರ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನೆಲ್ಲ ಒಮ್ಮೆಗೇ ನಿಲ್ಲಿಸಿತು. ರೈತರಿಗೆ ತಯಾರಿಯಿರಲಿಲ್ಲ, ಸಾಕಷ್ಟು ಸಾವಯವ ಗೊಬ್ಬರವೂ ಇರಲಿಲ್ಲ. ಭತ್ತದ ಬೆಳೆ ಬಿದ್ದುಹೋಯಿತು, ಚಹಾ ಬೆಳೆಗಾರರು ಕಂಗಾಲಾದರು, ಅಕ್ಕಿ ಹೊರಗಿನಿಂದ ತರಬೇಕಾಯಿತು. ಅದೇ ವರ್ಷದ ನವೆಂಬರದಲ್ಲಿ ಆಜ್ಞೆಯನ್ನು ಹಿಂದೆ ತೆಗೆದುಕೊಂಡರು. 2022ರ ಆರ್ಥಿಕ ಸಂಕಟದಲ್ಲಿ ಆಸ್ಪತ್ರೆಗಳಲ್ಲಿ ಮದ್ದಿಗೂ ತತ್ವಾರವಾಯಿತು, ಅನೇಕ ವೈದ್ಯರು ದೇಶ ಬಿಟ್ಟರು.

ನಾವು ಮಾತಾಡಿಸಿದ ರೈತರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಹಿಂದೆ ನಿಲ್ಲಿಸಿದಾಗ ಒಂದು ಮದ್ದು ಹೋದರೆ ಇನ್ನೊಂದು, ಅಷ್ಟು ಘೋರವಲ್ಲದ್ದು, ಅಂಗಡಿಯಲ್ಲಿ ಇರುತ್ತಿತ್ತು. ಪ್ಯಾರಾಕ್ವಾಟನ್ನು ತೆಗೆಯುವ ಮೊದಲು ಅದರ ತೀಕ್ಷ್ಣತೆಯನ್ನು ಶೇಕಡಾ 20ರಿಂದ 6.5ಕ್ಕೆ ಇಳಿಸಿ ಸಮಯ ಕೊಟ್ಟಿದ್ದರು. 2021ರಲ್ಲಿ ಸಮಯವೂ ಇರಲಿಲ್ಲ, ಬದಲಿಯೂ ಇರಲಿಲ್ಲ. ಒಳ್ಳೆಯ ಉದ್ದೇಶವಿದ್ದರೂ ರೈತನನ್ನು ಕೇಳದೆ ಮಾಡಿದ್ದು ಗದ್ದೆಯಲ್ಲಿ ನಿಲ್ಲುವುದಿಲ್ಲ.

ಕಾರಣ ತಿಳಿಯದ ಕಾಯಿಲೆ

ಅನುರಾಧಪುರ ಮತ್ತು ಪೊಲೊನ್ನರುವ ಜಿಲ್ಲೆಗಳಲ್ಲಿ 1990ರ ದಶಕದಿಂದ ಒಂದು ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿದೆ. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ಆದರೂ ಗದ್ದೆಯಲ್ಲಿ ದುಡಿಯುವ ನಡುವಯಸ್ಸಿನ ಗಂಡಸರ ಮೂತ್ರಪಿಂಡ ಸೋಲುತ್ತದೆ. ಬಾವಿಯ ಗಡಸು ನೀರು ಮತ್ತು ಅದರಲ್ಲಿರುವ ಫ್ಲೋರೈಡ್, ಕೃಷಿ ವಿಷಗಳು, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವುದು, ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಯಾವುದು ನಿಜವೆಂದು ಇಂದಿಗೂ ತೀರ್ಮಾನವಾಗಿಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿಯೂ ಇಂಥದೇ ಕಾಯಿಲೆ ಇದೆ.

ಕಾರಣ ಗೊತ್ತಾಗುವ ತನಕ ಅಲ್ಲಿಯವರು ಸುಮ್ಮನೆ ಕೂತಿಲ್ಲ. ಹಳ್ಳಿಹಳ್ಳಿಗೆ ನೀರು ಶುದ್ಧಮಾಡುವ ಯಂತ್ರ ಹಾಕಿದ್ದಾರೆ. ಸಂಜೆ ಹೊತ್ತು ಸೈಕಲಿಗೆ ಕ್ಯಾನು ಕಟ್ಟಿಕೊಂಡು ಸಾಲಾಗಿ ಬರುವವರನ್ನು ನಾವು ಕಂಡೆವು. ನಾವೂ ನೆನಪಿಡಬೇಕಾದದ್ದು ಇದೆ. ಬಿಸಿಲಿನಲ್ಲಿ ತೋಟದ ಕೆಲಸ ಮಾಡುವಾಗ ಆಗಾಗ ನೀರು ಕುಡಿಯಬೇಕು. ಮೈಕೈ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುವ ಅಭ್ಯಾಸ, ಅದೂ ನೀರು ಕಡಿಮೆ ಕುಡಿದ ದಿನ, ಮೂತ್ರಪಿಂಡಕ್ಕೆ ದೊಡ್ಡ ಕೇಡು.

ಇಲಿಜ್ವರದ ವಿಚಾರವನ್ನೂ ಹೇಳಬೇಕು. ಅಲ್ಲಿ ಗದ್ದೆಗಿಳಿಯುವ ರೈತರಲ್ಲಿ ಇದು ಬಹಳ. ಬೇಸಾಯದ ಕಾಲ ಬರುವ ಮೊದಲೇ ಆರೋಗ್ಯ ಇನ್ಸ್‌ಪೆಕ್ಟರು ರೈತರ ಪಟ್ಟಿ ಹಿಡಿದು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಧರ್ಮಾರ್ಥ ಕೊಡುತ್ತಾರೆ. ಇದೇ ಮಾತ್ರೆ ನಮ್ಮ ಆರೋಗ್ಯ ಕೇಂದ್ರಗಳಲ್ಲೂ ಮಳೆಗಾಲದಲ್ಲಿ ಸಿಗುತ್ತದೆ. ಕೇಳಿ ತೆಗೆದುಕೊಳ್ಳುವವರು ಕಡಿಮೆ.

ಕ್ಯಾಂಡಿಯಲ್ಲಿ

ಅನುರಾಧಪುರದ ಹತ್ತಿರ ಮಿಹಿಂತಲೆಯಲ್ಲಿ 9ನೇ ಶತಮಾನದ ಒಂದು ಆಸ್ಪತ್ರೆಯ ಅವಶೇಷವಿದೆ. ರೋಗಿಯನ್ನು ಔಷಧಿಯ ದ್ರವದಲ್ಲಿ ಮಲಗಿಸಲು ಮನುಷ್ಯನ ಆಕಾರಕ್ಕೆ ಕೊರೆದ ಕಲ್ಲಿನ ತೊಟ್ಟಿ ಈಗಲೂ ಇದೆ. ರೋಗಿಗಳ ಆರೈಕೆ ಆ ನಾಡಿನಲ್ಲಿ ಅಷ್ಟು ಹಳೆಯದು.

ಕ್ಯಾಂಡಿಗೆ ಹೋದಾಗ ಮನಸ್ಸಿಗೆ ಬಂದವರು ಸಂತ ಜೋಸೆಫ್ ವಾಜ್. ಗೋವೆಯಲ್ಲಿ 1651ರಲ್ಲಿ ಹುಟ್ಟಿ, 1681ರಿಂದ 1684ರ ತನಕ ನಮ್ಮ ಕೆನರಾ ಪ್ರಾಂತ್ಯದಲ್ಲಿ ಸೇವೆ ಮಾಡಿ, 1687ರಲ್ಲಿ ಅವರು ಶ್ರೀಲಂಕಾ ಸೇರಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಅರಸನೂ ಸಿರಿವಂತರೂ ಊರು ಬಿಟ್ಟರು, ಸಿಡುಬು ತಗಲಿದವರನ್ನು ಕಾಡಿಗೆ ಅಟ್ಟಿದರು. ಜೋಸೆಫ್ ವಾಜ್ ಮತ್ತು ಅವರ ಸಂಬಂಧಿ ಧರ್ಮಗುರು ಜೋಸೆಫ್ ಕಾರ್ವಾಲೋ ಬಿಟ್ಟುಹೋದ ಮನೆಗಳನ್ನೇ ಆಸ್ಪತ್ರೆ ಮಾಡಿ, ಜಾತಿ ಧರ್ಮ ನೋಡದೆ ರೋಗಿಗಳನ್ನು ತೊಳೆದು ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಕೈಯಲ್ಲಿ ಮದ್ದಿರಲಿಲ್ಲ. ರೋಗಿಯ ಹತ್ತಿರ ಹೋಗುವ ಧೈರ್ಯವಿತ್ತು. ಇಂದಿನ ಮಿಡ್‌ವೈಫ್ ತನ್ನ ಪುಸ್ತಕ ಹಿಡಿದು ಮನೆಮನೆಗೆ ನಡೆಯುವುದರಲ್ಲಿಯೂ ಮೊದಲ ಕೆಲಸ ಅದೇ, ಹತ್ತಿರ ಹೋಗುವುದು.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು

ಕೇರಳ ಸರಕಾರ 2011ರಲ್ಲಿ ಫ್ಯುರಡಾನ್ ಎಂದು ನಾವು ಕರೆಯುವ ಕಾರ್ಬೋಫ್ಯುರಾನ್, ಫೋರೇಟ್, ಮಾನೋಕ್ರೋಟೋಫಾಸ್, ಪ್ಯಾರಾಕ್ವಾಟ್ ಮೊದಲಾದ ಹತ್ತಕ್ಕೂ ಹೆಚ್ಚು ಮದ್ದುಗಳನ್ನು ನಿಷೇಧಿಸಿತು. ಆದರೆ ನಮ್ಮದು ಗಡಿಯ ಊರು. ಒಂದು ರಾಜ್ಯದಲ್ಲಿ ನಿಂತದ್ದು ಇನ್ನೊಂದು ರಾಜ್ಯದ ಅಂಗಡಿಯಲ್ಲಿ ಸಿಗುವುದುಂಟು, ಬಸ್ಸಿನಲ್ಲಿ ಚೀಲದೊಳಗೆ ಬರುವುದೂ ಉಂಟು. ಕಾನೂನು ಗಡಿಯಲ್ಲಿ ನಿಂತರೂ ವಿಷ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಬೇಕಾದವರು ನಾವೇ. ಆದುದರಿಂದ ಈ ಕೆಲವು ಮಾತುಗಳನ್ನು ನಮ್ಮ ಓದುಗರ ಮುಂದಿಡುತ್ತೇವೆ.

ಒಂದು, ಈ ವಾರವೇ ಅಟ್ಟ, ಕೊಟ್ಟಿಗೆ, ಪಂಪಿನ ಶೆಡ್ಡು ಹುಡುಕಿ ನೋಡಿರಿ. ಹಳೆಯ ಬಾಟ್ಲಿ, ಹೆಸರು ಅಳಿಸಿದ ಡಬ್ಬ, ಅರ್ಧ ಉಳಿದ ಮದ್ದು ಇದ್ದರೆ ಬಾವಿಗೋ ತೋಡಿಗೋ ಚೆಲ್ಲಬೇಡಿರಿ. ಕೃಷಿಭವನದವರನ್ನು ಕೇಳಿ ವಿಲೇವಾರಿ ಮಾಡಿರಿ.

ಎರಡು, ಮದ್ದು ಬೇಕಾದಷ್ಟೇ ತನ್ನಿರಿ, ತಂದ ದಿನವೇ ಮುಗಿಸಿರಿ. ಬಾಟ್ಲಿಯ ಮೇಲಿನ ಚೌಕದಲ್ಲಿ ಕೆಂಪು ಬಣ್ಣವಿದ್ದರೆ ಅದು ಅತಿ ಘೋರ ವಿಷವೆಂದು ಅರ್ಥ. ಅದನ್ನು ಮನೆಗೆ ತರಲೇಬೇಡಿರಿ. ಬದಲಿ ಏನಿದೆಯೆಂದು ಕೃಷಿ ಅಧಿಕಾರಿಯನ್ನು ಕೇಳಿರಿ.

ಮೂರು, ಯಾವ ಮದ್ದನ್ನೂ ಸೋಡಾ ಬಾಟ್ಲಿಗೆ, ನೀರಿನ ಬಾಟ್ಲಿಗೆ ಸುರಿದಿಡಬೇಡಿರಿ. ಯಾರಾದರೂ ತಪ್ಪಿಯೋ ಸಿಟ್ಟಿನಲ್ಲೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬೇಡಿರಿ. ಮದ್ದಿನ ಬಾಟ್ಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿರಿ. ಯಾವ ವಿಷವೆಂದು ತಿಳಿದರೆ ವೈದ್ಯರ ಕೆಲಸ ಸುಲಭವಾಗುತ್ತದೆ.

ನಾಲ್ಕು, ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಒಬ್ಬರೇ ಕೂರುತ್ತಿದ್ದರೆ, ಸಾಯುವ ಮಾತಾಡಿದರೆ, ಅದನ್ನು ನಾಟಕವೆನ್ನಬೇಡಿರಿ. ಹತ್ತಿರ ಕೂತು ಕೇಳಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಹಣ ಖರ್ಚಿಲ್ಲದೆ ಫೋನು ಮಾಡಬಹುದು. ಸಾಲದ ಸಂಗತಿಯನ್ನು ಮುಚ್ಚಿಡದೆ ವಾರ್ಡಿನ ಗುರಿಕಾರರಿಗೋ ಧರ್ಮಗುರುಗಳಿಗೋ ಹೇಳಿರಿ. ಹೇಳಿಕೊಂಡ ಸಾಲ ಅರ್ಧ ಹಗುರ.

ಐದು, ಆಶಾ ಅಕ್ಕ ಮನೆಗೆ ಬಂದಾಗ ಒಳಗೆ ಕರೆದು ಕೂರಿಸಿರಿ.

ಪ್ರವಾಸಕ್ಕೆ ಹೋದವರು ಹಿಂದೆ ಬಂದು ಪರದೇಶವನ್ನು ಹೊಗಳುವುದು, ನಮ್ಮ ಊರನ್ನು ತೆಗಳುವುದು ವಾಡಿಕೆ. ನಮಗೆ ಹಾಗೆ ಅನಿಸಲಿಲ್ಲ. ಅಲ್ಲಿ ಇದ್ದದ್ದರಲ್ಲಿ ಬಹುಪಾಲು ನಮ್ಮಲ್ಲೂ ಇದೆ: ಆರೋಗ್ಯ ಕೇಂದ್ರವಿದೆ, ಕೃಷಿಭವನವಿದೆ, ಆಶಾ ಇದ್ದಾರೆ, ಕಾನೂನೂ ಇದೆ. ಇವುಗಳಿಗೆ ನಮ್ಮ ಮನೆಯ ಬಾಗಿಲು ತೆರೆದರೆ ಸಾಕು. ಮುಂದಿನ ತಿಂಗಳ ಮೊದಲ ಆದಿತ್ಯವಾರ ಪೂಜೆಯ ಬಳಿಕ ಇಗರ್ಜಿಯ ಸಭಾಂಗಣದಲ್ಲಿ ನಾವು ಎಂಟು ಮಂದಿಯೂ ಇರುತ್ತೇವೆ. ಮನೆಯಲ್ಲಿರುವ ಮದ್ದುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಯಾವುದು ಇರಬಹುದು, ಯಾವುದು ಹೋಗಬೇಕು ಎಂದು ಕೂತು ನೋಡೋಣ.